ಬೆಟ್ಟದೂರಿನಲ್ಲಿ ನಾದಿನಿಯ ಮನೆ

ಹೊಸನಗರ

ನಾನು ಆಸ್ಟ್ರಿಯಾ ದೇಶಕ್ಕೆ ಹೋದದ್ದು ಊರು ನೋಡಲಿಕ್ಕಲ್ಲ, ನಾದಿನಿಯ ಕಾಲಿಗೆ ಜೊತೆಯಾಗಿ.

ಲಲಿತ ನಮ್ಮ ಮನೆಯವರ ತಂಗಿ. ಚಿಕ್ಕ ವಯಸ್ಸಿನಲ್ಲೇ ನರ್ಸಿಂಗ್ ಕಲಿತು ಆ ದೇಶಕ್ಕೆ ಹೋದವಳು. ಮದುವೆಯಾಗಲಿಲ್ಲ. ನಿವೃತ್ತಿಯ ಹೊತ್ತಿಗೆ ಅಲ್ಲಿನ ಒಂದು ಬೆಟ್ಟದೂರಿನಲ್ಲಿ ಸಣ್ಣದೊಂದು ಮನೆ ಕೊಂಡು ಅಲ್ಲೇ ನಿಂತಳು. ಕಳೆದ ಮಳೆಗಾಲದಲ್ಲಿ ನಮ್ಮನೆಗೆ ಬಂದಿದ್ದಾಗ ಹಿತ್ತಿಲ ಮೆಟ್ಟಿಲ ಪಾಚಿಯ ಮೇಲೆ ಕಾಲಿಟ್ಟು ಜಾರಿ ತೊಡೆಯ ಮೂಳೆ ಮುರಿದುಕೊಂಡಳು. ಶಿವಮೊಗ್ಗದಲ್ಲಿ ಆಪರೇಷನ್ ಆಯಿತು. ಹದಿನೈದು ದಿನಕ್ಕೆಂದು ಬಂದವಳು ಮಳೆಗಾಲ, ಚಳಿಗಾಲ ಎರಡನ್ನೂ ನಮ್ಮ ಜಗಲಿಯ ಮೇಲೆ ಕಳೆದಳು. ಜಾರಿದ್ದು ಮನೆಯವರೆಲ್ಲ ಇದ್ದ ಹೊತ್ತಿನಲ್ಲಿ ಎಂಬುದು ದೇವರ ದಯೆ.

ಆಗಲೇ ಆ ಊರಿನ ಪಂಚಾಯ್ತಿಯಿಂದ ಅವಳಿಗೆ ನೋಟಿಸು ಬಂತು. ಅದು ಪ್ರವಾಸಿಗರ ಊರು. ಚಳಿಗಾಲದಲ್ಲಿ ಹಿಮದ ಮೇಲೆ ಜಾರಲಿಕ್ಕೆಂದೇ ಜನ ಬರುತ್ತಾರಂತೆ, ಅದಕ್ಕೆ ದುಡ್ಡನ್ನೂ ಕೊಡುತ್ತಾರಂತೆ. ಹೊರಗಿನವರು ಅಲ್ಲಿ ಮನೆ ಕೊಂಡು ಬೀಗ ಹಾಕಿಡುವುದು, ಇಲ್ಲವೇ ವಾರಕ್ಕಿಷ್ಟು ಎಂದು ಪ್ರವಾಸಿಗರಿಗೆ ಬಾಡಿಗೆ ಕೊಡುವುದು ಹೆಚ್ಚಾಗಿ, ಊರಿನವರಿಗೇ ಇರಲು ಮನೆ ಸಿಗದಂತಾಯಿತು. ಹಾಗಾಗಿ ಕೆಲವು ಬೀದಿಗಳಲ್ಲಿ ವಾಸ ಇರುವವರು ಮಾತ್ರ ಮನೆ ಇಟ್ಟುಕೊಳ್ಳಬಹುದು ಎಂದು ನಿಯಮ ಮಾಡಿದ್ದಾರೆ. ಲಲಿತಳ ಬೀದಿ ಅಂಥದ್ದು. ಇಷ್ಟು ತಿಂಗಳು ಅವಳು ಕಾಣಲಿಲ್ಲವಾದ್ದರಿಂದ ಮನೆಯನ್ನು ಗುಟ್ಟಾಗಿ ಬಾಡಿಗೆಗೆ ಬಿಟ್ಟಿದ್ದಾಳೆಂದು ಅವರಿಗೆ ಅನುಮಾನ. ಇಂಥ ದಿನ ಬಂದು ನೋಡುತ್ತೇವೆ, ವಾಸ ಇದ್ದೀರೆಂದು ನಮಗೆ ಮನವರಿಕೆಯಾಗದಿದ್ದರೆ ಮನೆ ಮಾರಬೇಕಾಗುತ್ತದೆ ಎಂದು ತಿಳಿಸಿದ್ದರು.

ಸಾಗರದಿಂದ ತೀರ್ಥಹಳ್ಳಿಯವರೆಗೆ ಈಗ ನಮ್ಮಲ್ಲೂ ಹೋಂಸ್ಟೇ ಬೋರ್ಡುಗಳೇ. ಆದರೆ ಆ ಮನೆಗಳಲ್ಲಿ ರಾತ್ರಿ ಯಾರು ಮಲಗುತ್ತಾರೆ ಎಂದು ಸರ್ಕಾರದವರು ಬಂದು ನೋಡಿದ್ದನ್ನು ನಾನು ಕೇಳಿಲ್ಲ.

"ಮಾರ್ಸಿ ಕರ್ಕೊಂಡೇ ಬಂದ್ಬಿಡು," ಎಂದರು ನಮ್ಮ ಮನೆಯವರು, ನನ್ನ ಸೂಟ್‌ಕೇಸಿನ ಬೀಗ ಪರೀಕ್ಷಿಸುತ್ತ. "ಮೇಲಿನ ರೂಮು ಅವ್ಳಿಗೇ ಕೊಡಣ. ಈ ವಯಸ್ಸಲ್ಲಿ ಆ ಹಿಮದಲ್ಲಿ ಒಬ್ಳೇ ಎಂತಕ್ಕೆ ಇರ್ಬೇಕು?"

ಜಗಲಿಯಿಂದ ಲಲಿತ ಹೇಳಿದಳು: "ಅಣ್ಣಯ್ಯಾ, ಮುರ್ದಿದ್ದು ನನ್ ಕಾಲು. ಕಿವಿ ನೆಟ್ಟಗೇ ಇದೆ. ನಾನ್ ಮಾರಲ್ಲ."

ಹೊರಡುವ ಮುಂಚೆ ಬಸ್ಸಿನಲ್ಲಿ ಹುಂಚಕ್ಕೆ ಹೋಗಿ ಅಮ್ಮನವರಿಗೆ ಹಣ್ಣುಕಾಯಿ ಮಾಡಿಸಿದೆ. ಮನೆ ಉಳಿಯಲಿ ಎಂದೂ ಕೇಳಲಿಲ್ಲ, ಮಾರಿಹೋಗಲಿ ಎಂದೂ ಕೇಳಲಿಲ್ಲ. ಯಾವುದು ಸರಿಯೋ ಅದಾಗಲಿ ಎಂದೆ. ಹೀಗೆ ಕೇಳಿದರೆ ದೇವಿಗೂ ಅನುಕೂಲ.

ವಿಮಾನ ಬದಲಿಸುವ ಊರು

ಕಾಲಿನ ದೆಸೆಯಿಂದ ಲಲಿತಳಿಗೆ ವಿಮಾನ ನಿಲ್ದಾಣಗಳಲ್ಲಿ ಗಾಲಿಕುರ್ಚಿ. ಅದನ್ನು ತಳ್ಳುವವರು ಸಾಲಿನಲ್ಲಿ ನಿಲ್ಲುವುದಿಲ್ಲ. ನಾವು ಎಲ್ಲರನ್ನೂ ದಾಟಿಕೊಂಡು ಮುಂದೆ ಹೋದೆವು. ಮುರಿದ ಮೂಳೆಗೆ ಇಷ್ಟು ಮರ್ಯಾದೆ ಇದೆಯೆಂದು ನನಗೆ ಗೊತ್ತಿರಲಿಲ್ಲ.

ತೊಂದರೆ ಎಂದರೆ, ತಳ್ಳುವವರು ಬಹಳ ಬಿರುಸು. ನಡುವೆ ವಿಮಾನ ಬದಲಿಸುವ ಊರಿನಲ್ಲಿ ನಾನು ಸೀರೆಯ ನೆರಿಗೆ ಎತ್ತಿ ಹಿಡಿದು, ಲಲಿತಳ ಕೆಂಪು ಉಲ್ಲನ್ ಟೊಪ್ಪಿಯನ್ನೇ ಗುರುತು ಇಟ್ಟುಕೊಂಡು ಹಿಂದೆ ಓಡಿದೆ. ಓಡುವ ಪಟ್ಟಿಯ ಮೇಲೆ ಓಡಿದೆ, ಲಿಫ್ಟಿನಲ್ಲಿ ಇಳಿದೆ, ಮತ್ತೆ ಓಡಿದೆ. ಕುರ್ಚಿ ನಿಂತಾಗ ಟೊಪ್ಪಿ ನನ್ನ ಕಡೆ ತಿರುಗಿತು. ಕೆಳಗೆ ಬಿಳಿ ಗಡ್ಡ ಇತ್ತು. ಅವರೂ ಕೈ ಮುಗಿದರು, ನಾನೂ ಮುಗಿದೆ. ಅವರ ಮಗಳು ನನ್ನ ಟಿಕೇಟು ನೋಡಿ, ತಾವು ಹೋಗುವುದು ಬೇರೆಯೇ ದೇಶಕ್ಕೆಂದು ಕೈಸನ್ನೆಯಲ್ಲಿ ತಿಳಿಸಿ, ನನ್ನನ್ನು ಸರಿಯಾದ ಬಾಗಿಲಿಗೆ ತಲುಪಿಸಿದಳು.

"ಎಲ್ಲಿಗ್ ಹೋಗಿದ್ರಿ ಅತ್ತಿಗೆ?"

"ನಿನ್ ಹಿಂದೆನೇ ಬರ್ತಿದ್ದೆ," ಎಂದೆ. ನನ್ನ ಮಟ್ಟಿಗೆ ಅದು ನಿಜವೇ ಆಗಿತ್ತು.

ಬೆಟ್ಟದೂರು

ಊರಿನ ಹೆಸರು ಬರೆಯುವುದಿಲ್ಲ. ಬರೆದರೂ ಅದರಲ್ಲಿ ಒತ್ತಕ್ಷರ ಜಾಸ್ತಿ. ರೈಲಿಳಿದು, ಬಸ್ಸು ಹತ್ತಿ, ಆಗುಂಬೆ ಘಾಟಿಯಂಥ ತಿರುವುಗಳನ್ನು ಏರಿ ಹೋಗಬೇಕು. ಬಸ್ಸಿನಲ್ಲಿ ಒಬ್ಬರೂ ವಾಂತಿ ಮಾಡಲಿಲ್ಲ, ಒಬ್ಬರೂ ಮಾತನ್ನೂ ಆಡಲಿಲ್ಲ. ನಾಯಿಗಳೂ ಸುಮ್ಮನೆ ಕೂತಿದ್ದವು.

ಮರದ ಜಗಲಿಗಳ ಚಂದದ ಮನೆಗಳು. ಆದರೆ ಸಂಜೆಯಾದ ಮೇಲೆ ನೋಡಿದರೆ ನಾಲ್ಕು ಮನೆಗೆ ಒಂದರಲ್ಲಿ ದೀಪ. ಉಳಿದವರೆಲ್ಲ ಹಿಮ ಬಿದ್ದಾಗ ಬರುವವರು. ದೀಪ ಹಚ್ಚುವ ಹೊತ್ತಿನಲ್ಲಿ ಇಷ್ಟು ಕತ್ತಲ ಬಾಗಿಲುಗಳನ್ನು ನಾನು ಒಟ್ಟಿಗೆ ನೋಡಿರಲಿಲ್ಲ. ಪಂಚಾಯ್ತಿಯವರ ಸಿಟ್ಟು ನ್ಯಾಯವಾದದ್ದೇ ಎನಿಸಿತು. ಲಲಿತಳಿಗೆ ಹೇಳಲಿಲ್ಲ.

ಅವಳ ಮನೆ ಎರಡನೇ ಮಹಡಿಯಲ್ಲಿ. ಅಡುಗೆಯದೂ ಕೂರುವುದೂ ಒಂದೇ ಕೋಣೆ, ಮಲಗಲು ಇನ್ನೊಂದು. ಬೀಗ ತೆಗೆದಾಗ ತಿಂಗಳುಗಟ್ಟಲೆ ಮುಚ್ಚಿದ್ದ ವಾಸನೆ. ಮೇಜಿನ ಮೇಲೆ ಅರ್ಧ ಕುಡಿದು ಬಿಟ್ಟ ಔಷಧಿ, ಬಾಗಿಲ ಹಿಂದೆ ಚಪ್ಪಲಿಗಳ ರಾಶಿ, ಕಿಟಕಿಯಲ್ಲಿ ಉಪ್ಪಿನಕಾಯಿ ಭರಣಿ, ಫ್ರಿಜ್ಜಿನ ಮೇಲೆ ಹಳೇ ಪಂಚಾಂಗ. ಅಡುಗೆಮನೆಯ ಒಂದು ಕಪಾಟಿನಲ್ಲಿ ದೇವರು. ನಾನು ಮೊದಲು ದೀಪ ಹಚ್ಚಿ ಆಮೇಲೆ ಕೂತೆ.

ಎದುರು ಬಾಗಿಲಿನಲ್ಲಿ ಒಬ್ಬ ವಯಸ್ಸಾದ ಹೆಂಗಸು. ನಾನು ಕೈ ಮುಗಿದರೆ ಬಾಗಿಲು ಹಾಕಿಕೊಂಡರು. ಮರುದಿನ ನನ್ನ ಸೀರೆಯನ್ನು ಹೊರಗೆ ಒಣಹಾಕಿದಾಗ ಅದೇ ಬಾಗಿಲು ತೆರೆಯಿತು. ಆ ಕಟ್ಟಡದಲ್ಲಿ ಬೀದಿಗೆ ಕಾಣುವಂತೆ ಬಟ್ಟೆ ಒಣಹಾಕಬಾರದಂತೆ. ಮಧ್ಯಾಹ್ನ ಸದ್ದು ಮಾಡಬಾರದಂತೆ. ಭಾನುವಾರ ಇಡೀ ದಿನ ಮಾಡಬಾರದಂತೆ.

"ಇವ್ರು ಯಾವಾಗ್ಲೂ ಹೀಗೇನಾ?" ಎಂದು ಕೇಳಿದೆ.

"ಇವತ್ತು ಸ್ವಲ್ಪ ಪರವಾಗಿಲ್ಲ," ಎಂದಳು ಲಲಿತ.

ಬೆಲೆ ಕಟ್ಟಿದವನು

ನಮ್ಮ ಮನೆಯವರು ದಿನಾ ಫೋನು ಮಾಡಿ, ಮಾರದಿದ್ದರೂ ಸರಿ, ಬೆಲೆಯನ್ನಾದರೂ ಕಟ್ಟಿಸಿ ಎಂದು ಹಟ ಹಿಡಿದರು. ಅಣ್ಣನ ಬಾಯಿ ಮುಚ್ಚಿಸಲು ಲಲಿತ ಒಬ್ಬ ದಲ್ಲಾಳಿಯನ್ನು ಕರೆಸಿದಳು. ದಲ್ಲಾಳಿ ಎಂದರೆ ನಮ್ಮಲ್ಲಿಯ ಹಾಗೆ ಬೈಕಿನಲ್ಲಿ ಬರುವವನಲ್ಲ. ಕೋಟು ಹಾಕಿದ್ದ, ಶೂ ಬಿಚ್ಚಿ ಒಳಗೆ ಬಂದ. ಅದಕ್ಕೆ ನಾನು ಮನಸ್ಸಿನಲ್ಲೇ ಒಂದು ಅಂಕ ಕೊಟ್ಟೆ.

ತೀರ್ಥಹಳ್ಳಿ ಕಡೆ ಜಾಗ ನೋಡುವವರು ಬಾವಿ ನೀರು ಬೇಸಿಗೆಯಲ್ಲಿ ಇರುತ್ತದೋ, ಲಾರಿ ಬರುವಷ್ಟು ದಾರಿ ಇದೆಯೋ, ಬಾಗಿಲು ಯಾವ ದಿಕ್ಕಿಗೆ ಎಂದು ಕೇಳುತ್ತಾರೆ. ಈತ ಕಿಟಕಿಯ ಹತ್ತಿರ ಬಹಳ ಹೊತ್ತು ನಿಂತು ಬಿಸಿಲು ನೋಡಿದ. ಚಳಿಗಾಲದಲ್ಲಿ ಬೆಟ್ಟದ ನೆರಳು ಬಿದ್ದರೆ ಬೆಲೆ ಇಳಿಯುತ್ತದಂತೆ. ಜಾರುವವರನ್ನು ಮೇಲಕ್ಕೆ ಒಯ್ಯುವ ತಂತಿ ತೊಟ್ಟಿಲಿಗೆ ಎಷ್ಟು ಹೆಜ್ಜೆ ಎಂದು ವಿಚಾರಿಸಿದ. ಕೊನೆಗೆ ಸ್ನಾನದ ಮನೆಯ ಕಿಟಕಿಯಿಂದ ಕತ್ತು ಹೊರಗೆ ಹಾಕಿ ಸಂತೋಷದಿಂದ ಏನೋ ಹೇಳಿದ.

"ಇಲ್ಲಿಂದ ಕೆರೆ ಕಾಣ್ತದಂತೆ," ಎಂದಳು ಲಲಿತ. "ನೀರು ಕಾಣೋ ಮನೆಗೆ ಬೆಲೆ ಜಾಸ್ತಿ."

ನನ್ನ ತವರಿನ ಹಳೇ ಮನೆ ಲಿಂಗನಮಕ್ಕಿ ಹಿನ್ನೀರಿನ ಒಳಗೇ ಇದೆ. ಎಲ್ಲ ಕಿಟಕಿಯಿಂದಲೂ ನೀರು ಕಾಣುತ್ತದೆ. ಪರಿಹಾರ ಕೊಟ್ಟವರು ಅದನ್ನು ಲೆಕ್ಕಕ್ಕೆ ಹಿಡಿದಂತಿಲ್ಲ.

ದಲ್ಲಾಳಿ ಹೇಳಿದ ಬೆಲೆಯನ್ನು ಲಲಿತ ನನಗೆ ನಮ್ಮ ರೂಪಾಯಿಯಲ್ಲಿ ಹೇಳಿದಾಗ, ನಾನು ಕೂತಿದ್ದ ಕುರ್ಚಿಯಲ್ಲೇ ಸ್ವಲ್ಪ ಹಗುರಾಗಿ ಕೂತೆ. ನೆಲಕ್ಕೂ ಭಾರ ಹಾಕಬಾರದೆನ್ನಿಸಿತು.

ಅವನು ಹೋದ ಮೇಲೆ ಕೇಳಿದೆ: "ಇಷ್ಟು ಬರ್ತದಲ್ಲೇ ಮಾರಾಯ್ತಿ. ನಮ್ಮನೆಲಿ ನಿಂಗೆ ಎಂತ ಕಮ್ಮಿ?"

"ಎಂತದೂ ಕಮ್ಮಿ ಇಲ್ಲ. ಕೂತಲ್ಲೇ ಕಾಫಿ ಬರ್ತದೆ, ಬಿಸಿನೀರು ಬರ್ತದೆ. ಅದ್ಕೇ," ಎಂದಳು.

"ಅದ್ಕೇ ಅಂದ್ರೆ?"

"ಅತ್ತಿಗೆ, ಅಲ್ಲಿ ನಾನು ಬೆಳಿಗ್ಗೆ ಎದ್ದು ಕಾಫಿ ಬೇಕು ಅಂದ್ರೆ ನೀವು ಎದ್ದಿದ್ದೀರಾ ಅಂತ ನೋಡ್ಬೇಕು. ಇಲ್ಲಿ ಬಾಗಿಲ ಮೇಲೆ ಇರೋದು ನನ್ ಹೆಸರು."

ಬಾಗಿಲು ತೆರೆದು ನೋಡಿದೆ. ಕರೆಗಂಟೆಯ ಪಕ್ಕ ಸಣ್ಣ ಹಿತ್ತಾಳೆ ಫಲಕ. ಅದರ ಮೇಲೆ ಅವಳ ಹೆಸರು, ಮುಂದೆ ನನ್ನ ಮಾವನವರ ಹೆಸರು. ನಮ್ಮ ಮನೆ ಗೇಟಿನ ಮೇಲೆ ಮನೆಯವರ ಹೆಸರಿದೆ, ತವರಲ್ಲಿ ಅಣ್ಣನದು. ಅಣ್ಣನೂ ಗಂಡನೂ ಒಳ್ಳೆಯವರಾಗಿ ಸಿಕ್ಕಿದ್ದು ನನ್ನ ಪುಣ್ಯ. ಆದರೂ ಆ ಹಿತ್ತಾಳೆಯನ್ನು ಸೆರಗಿನಿಂದ ಒಮ್ಮೆ ಒರೆಸಿದೆ. ಆ ರಾತ್ರಿ ದೇವರ ಮುಂದೆ ಹುಂಚದಲ್ಲಿ ಕೇಳಿದ್ದನ್ನು ಸ್ವಲ್ಪ ತಿದ್ದಿದೆ. ಮನೆ ಉಳಿಯಲಿ ಎಂದೇ ಕೇಳಿದೆ.

ಮನೆ ಚೊಕ್ಕಟ ಮಾಡಿದ್ದು

ಪಂಚಾಯ್ತಿಯವರು ಬರುವ ದಿನ ಬೆಳಿಗ್ಗೆ ಲಲಿತ ಕಾಲಿನ ವ್ಯಾಯಾಮಕ್ಕೆಂದು ಕೆಳಗಿನ ಊರಿನ ಆಸ್ಪತ್ರೆಗೆ ಹೋದಳು. ಸರ್ಕಾರಿ ಮನುಷ್ಯರು ಮನೆಗೆ ಬರುತ್ತಾರೆಂದರೆ ಸುಮ್ಮನೆ ಕೂರುವ ಪೈಕಿ ನಾನಲ್ಲ. ಮನೆ ಉಳಿಯಬೇಕಾದರೆ ಮನೆ ಮನೆಯ ಹಾಗಿರಬೇಕು.

ಅರ್ಧ ಕುಡಿದ ಔಷಧಿಗಳು, ಚಪ್ಪಲಿ ರಾಶಿ, ಭರಣಿಗಳು, ಪಂಚಾಂಗ, ಕಪಾಟಿನ ಬಟ್ಟೆಬರೆ, ಮಾಸಿದ ಹೊದಿಕೆ, ಹೊಲಿಗೆ ಡಬ್ಬ ಎಲ್ಲವನ್ನೂ ಸೂಟ್‌ಕೇಸುಗಳಿಗೆ ತುಂಬಿದೆ. ನಮ್ಮಲ್ಲಾದರೆ ಅಟ್ಟಕ್ಕೆ ಹಾಕುತ್ತಿದ್ದೆ. ಅಲ್ಲಿ ಅಟ್ಟವಿಲ್ಲ. ಪ್ರತಿ ಮನೆಗೂ ನೆಲಮಾಳಿಗೆಯಲ್ಲಿ ಬೀಗ ಹಾಕುವ ಸಣ್ಣ ಗೂಡು ಇರುತ್ತದೆ. ಎಲ್ಲವನ್ನೂ ಅಲ್ಲಿಗೆ ಸಾಗಿಸಿದೆ. ಲಿಫ್ಟ್ ಇದ್ದದ್ದು ದೇವರ ದಯೆ. ನೆಲ ಒರೆಸಿದೆ. ಒಲೆ ಉಜ್ಜಿದೆ. ಗಾಜು ತಿಕ್ಕಿದೆ. ಕನ್ನಡಿಯ ಮುಂದೆ ಬಾಚಣಿಗೆಯನ್ನೂ ಬಿಡಲಿಲ್ಲ.

ಬಂದವರು ಕೈಕಾಲು ತೊಳೆಯಬೇಕಲ್ಲ? ಮಂಚದ ತುದಿಯಲ್ಲಿ ಎರಡು ಹೊಸ ಟವೆಲುಗಳನ್ನು ಮಡಚಿ, ಅದರ ಮೇಲೆ ಕಾಗದ ಬಿಚ್ಚದ ಒಂದು ಸೋಪನ್ನು ಇಟ್ಟೆ. ಮೇಜಿನ ಮೇಲೆ ನೀರು, ಬೆಲ್ಲ. ದೂರದಿಂದ ಬಂದವರನ್ನು ನಾವು ಹೀಗಲ್ಲದೆ ಇನ್ನು ಹೇಗೆ ಕಾಣುವುದು?

ಕರೆಗಂಟೆ ಆಯಿತು. ಬಾಗಿಲು ತೆಗೆದರೆ ಚರ್ಮದ ಚೀಲ ಹಿಡಿದ ಅಧಿಕಾರಿ, ಪಕ್ಕದಲ್ಲಿ ಕೋಲೂರಿಕೊಂಡು ಲಲಿತ. ಇಬ್ಬರೂ ಒಂದೇ ಬಸ್ಸಿನಲ್ಲಿ ಬಂದಿದ್ದರು. ಲಲಿತ ಒಳಗೆ ನೋಡಿದಳು. ಒಂದು ಕ್ಷಣ ತನ್ನ ಮನೆಯೇ ಹೌದೋ ಅಲ್ಲವೋ ಎಂದು ಹಿತ್ತಾಳೆ ಫಲಕದ ಕಡೆ ನೋಡಿದಳು.

"ಅತ್ತಿಗೆ," ಎಂದಳು ಮೆಲ್ಲಗೆ, "ನನ್ ಮನೆ ಎಲ್ಲಿ?"

ಪಂಚಾಯ್ತಿಯವರು ಬಂದದ್ದು

ಅಧಿಕಾರಿ ಸಭ್ಯ ಮನುಷ್ಯ. ಕಪಾಟು ತೆರೆದರು, ಖಾಲಿ. ಸ್ನಾನದ ಮನೆ ನೋಡಿದರು, ಒಂದು ಹಲ್ಲುಜ್ಜುವ ಬ್ರಷ್ಷೂ ಇಲ್ಲ. ಮಂಚದ ತುದಿಯ ಟವೆಲು ಸೋಪುಗಳ ಮುಂದೆ ನಿಂತು ಬರೆದುಕೊಂಡರು. ಲಲಿತ ಕನ್ನಡದಲ್ಲಿ ನನಗೆ ತಿಳಿಸಿದಳು: ಆ ಊರಿನಲ್ಲಿ ವಾರದ ಬಾಡಿಗೆಗೆ ಬರುವ ಪ್ರವಾಸಿಗರಿಗೆ ಮಂಚದ ತುದಿಯಲ್ಲಿ ಸರಿಯಾಗಿ ಹೀಗೆಯೇ ಟವೆಲು ಮಡಚಿ, ಮೇಲೆ ಹೊಸ ಸೋಪು ಇಡುತ್ತಾರಂತೆ.

"ಇವ್ರು ಕೈ ತೊಳೀಲಿ ಅಂತ ಇಟ್ಟಿದ್ದು ಅಂತ ಹೇಳೇ."

ಹೇಳಿದಳು. ಅವರು ಅದನ್ನೂ ಬರೆದುಕೊಂಡರು.

ನಿಮ್ಮ ಸ್ವಂತ ಸಾಮಾನೆಲ್ಲ ಎಲ್ಲಿ ಎಂದು ಕೇಳಿದರು. ನೆಲಮಾಳಿಗೆಗೆ ಕರೆದುಕೊಂಡು ಹೋದೆವು. ಸೂಟ್‌ಕೇಸುಗಳ ಸಾಲನ್ನು ನೋಡಿ ಅವರು ತಲೆಯಾಡಿಸಿದರು. ಮನೆ ಬಾಡಿಗೆಗೆ ಬಿಡುವವರು ತಮ್ಮ ಸಾಮಾನನ್ನು ಇಡುವ ಜಾಗವೂ ಅದೇ ಅಂತೆ.

ಮತ್ತೆ ಮೇಲೆ ಬಂದೆವು. ದೇವರ ಕಪಾಟು ತೆರೆದು ತೋರಿಸಿದೆ. ದೇವರನ್ನಂತೂ ನೆಲಮಾಳಿಗೆಗೆ ಹಾಕಿರಲಿಲ್ಲವಲ್ಲ. ಅಲ್ಲಿನ ಬಾಡಿಗೆ ಮನೆಗಳಲ್ಲಿ ಅಲಂಕಾರಕ್ಕೆಂದು ಬುದ್ಧನನ್ನು ಇಡುವುದು ವಾಡಿಕೆಯಂತೆ. ಅಧಿಕಾರಿ ನಮ್ಮ ಗಣಪತಿಯನ್ನು ಆ ಲೆಕ್ಕಕ್ಕೆ ಸೇರಿಸಿದರು. ಲಲಿತ ಶಿವಮೊಗ್ಗದ ಆಸ್ಪತ್ರೆಯ ಕಾಗದ ತೋರಿಸಿದಳು. ಅವರು ಗೌರವದಿಂದ ಓದಿ, ನೀವು ಶಿವಮೊಗ್ಗದಲ್ಲಿ ಇದ್ದಿರಿ ಎಂಬುದಕ್ಕೆ ಇದು ಒಳ್ಳೆಯ ಪುರಾವೆ, ಇಲ್ಲಿರಲಿಲ್ಲ ಎಂದೇ ನಮ್ಮ ದೂರು ಎಂದರು.

ಆಮೇಲೆ ನನ್ನ ಕಡೆ ತಿರುಗಿದರು. ನಿಮ್ಮ ನಾದಿನಿ ಇಲ್ಲಿಯೇ ವಾಸ ಇರುತ್ತಾರೆಯೇ ಎಂದು ಕೇಳುತ್ತಿದ್ದಾರೆಂದು ಲಲಿತ ಹೇಳಿದಳು. ಹೌದು, ಯಾವಾಗಲೂ ಎಂದುಬಿಟ್ಟರೆ ಮುಗಿಯುತ್ತಿತ್ತು. ಆದರೆ ದೇವರ ಕಪಾಟಿನ ಬಾಗಿಲು ಇನ್ನೂ ತೆರೆದೇ ಇತ್ತು.

"ಮೊದ್ಲಿಂದ ಇಲ್ಲೇ ಇರೋದು. ಹೋದ ಮಳೆಗಾಲದಿಂದ ನಮ್ಮನೆಲಿ ಇದ್ಲು. ಕಾಲು ಮುರ್ದಿತ್ತು," ಎಂದೆ.

ಲಲಿತ ಒಂದು ಮಾತೂ ಬಿಡದೆ ಹಾಗೇ ಹೇಳಿದಳು. ಅವರು ಬರೆದುಕೊಂಡರು. ಸತ್ಯ ಹೇಳಿದ್ದಕ್ಕೆ ದೇವರು ಕೂಡಲೇ ಏನನ್ನೂ ಕೊಡಲಿಲ್ಲ.

ಅಕ್ಕಪಕ್ಕದವರನ್ನು ಒಂದು ಮಾತು ಕೇಳುವುದು ಪದ್ಧತಿ ಎಂದು ಅಧಿಕಾರಿ ಎದುರು ಬಾಗಿಲಿಗೆ ಹೋದರು. ಲಲಿತ ಕುರ್ಚಿಯಲ್ಲಿ ಕುಸಿದು ಕೂತಳು. ಬಯ್ಯುತ್ತಾಳೆಂದು ನಾನು ತಯಾರಾಗಿ ನಿಂತಿದ್ದೆ. ಅವಳು ನಕ್ಕಳು.

"ಅಪ್ಪಯ್ಯಂಗೂ ಹಿಂಗೇ ಆಗಿತ್ತು," ಎಂದಳು. ನಮ್ಮ ಮಾವನವರು ಮೊದಲು ಗೇಣಿ ಒಕ್ಕಲು. ಉಳುವವನಿಗೇ ಭೂಮಿ ಎಂದು ಕಾನೂನು ಬಂದಾಗ, ನಿಜವಾಗಿ ಉಳುವವರು ಯಾರು ಎಂದು ನೋಡಲು ಸಾಹೇಬರು ಬಂದಿದ್ದರು. "ಸಾಹೇಬ್ರು ಬರ್ತಾರೆ ಅಂತ ಅಮ್ಮ ಇದ್ದೊಂದು ಬಿಳಿ ಅಂಗಿ ತೊಳೆದು, ಇಸ್ತ್ರಿ ಹಾಕ್ಸಿ, ತಲೆಗೆ ಎಣ್ಣೆ ಹಚ್ಚಿ ನಿಲ್ಸಿದ್ಲು. ಸಾಹೇಬ್ರು ನೋಡಿ, ಇವ್ರು ಉಳೋರ ಥರ ಕಾಣಲ್ವಲ್ಲ ಅಂದ್ರಂತೆ."

"ಆಮೇಲೆ?"

"ಕಾಲು ನೋಡಿದ್ರಂತೆ. ಉಗುರೊಳಗೆ ಗದ್ದೆ ಮಣ್ಣು. ಅಮ್ಮ ಕಾಲು ತೊಳ್ಸೋದು ಮರ್ತಿದ್ಲು. ನೀವು ಎಂತಾದ್ರೂ ಮರ್ತಿದ್ದೀರಾ ಅತ್ತಿಗೆ?"

ಯೋಚಿಸಿದೆ. ನಾನು ಏನನ್ನೂ ಮರೆತಿರಲಿಲ್ಲ.

ಅಷ್ಟರಲ್ಲಿ ಎದುರುಮನೆಯ ಅಮ್ಮ ಅಧಿಕಾರಿಯನ್ನು ಹಿಂದೆ ಹಾಕಿಕೊಂಡು ಒಳಗೇ ಬಂದರು. ಮುಖ ಕೆಂಪಾಗಿತ್ತು. ಅವರು ಕೂಗಾಡುತ್ತ ಹೋದಂತೆ ಲಲಿತ ನನ್ನ ಕಿವಿಯಲ್ಲಿ ಉಸುರುತ್ತ ಹೋದಳು.

"ಇವ್ಳು ಇಲ್ಲಿ ಇರಲ್ಲ ಅಂತ ಯಾರು ಹೇಳಿದ್ದು ಅಂತ ಕೇಳ್ತಿದ್ದಾರೆ. ದಿನಾ ಬೆಳಿಗ್ಗೆ ಆರು ಗಂಟೆಗೆ ಮಿಕ್ಸಿ ಹಾಕ್ತಾಳಂತೆ. ಭಾನುವಾರನೂ ಹಾಕ್ತಾಳಂತೆ. ಎಂತದೋ ಕೆಂಪು ಕಾಯಿ ಹುರಿದ್ರೆ ಇವ್ರಿಗೆ ಮಧ್ಯಾಹ್ನದವರೆಗೆ ಕೆಮ್ಮಂತೆ. ಪರದೆ ಎಷ್ಟು ತೊಳೆದ್ರೂ ಬೆಳ್ಳುಳ್ಳಿ ವಾಸ್ನೆ ಹೋಗಲ್ವಂತೆ. ಕಟ್ಟಡದ ಸಭೇಲಿ ಪ್ರತಿ ವರ್ಷ ಇದನ್ನೇ ಹೇಳಿ ಹೇಳಿ ಗಂಟಲು ಬಿದ್ದೋಗಿದೆಯಂತೆ."

ಅಧಿಕಾರಿ ಏನೋ ಕೇಳಿದರು.

"ಪ್ರವಾಸಿಗರು ಬಂದಿದ್ರಾ ಅಂತ ಕೇಳಿದ್ರು. ಪ್ರವಾಸಿಗರು ಬಂದಿದ್ರೆ ಮೆಟ್ಟಿಲ ಮೇಲೆ ಹಿಮದ ಬೂಟು ಇಟ್ಟಿರ್ತಿದ್ರು, ಮೊದ್ಲು ಬಂದು ನಿಮ್ ಕತ್ತಿನ ಪಟ್ಟಿ ಹಿಡೀತಿದ್ದಿದ್ದು ನಾನೇ ಅಂತಿದ್ದಾರೆ. ಹೋದ ಬೇಸಿಗೆ ತನಕ ಈ ಹೆಂಗಸು ಒಂದಿನಾನೂ ನನ್ನ ನಿದ್ದೆ ಮಾಡಕ್ಕೆ ಬಿಟ್ಟಿಲ್ಲ, ಇಲ್ಲದಿದ್ದ ಇಷ್ಟು ತಿಂಗಳು ನಾನು ಚೆನ್ನಾಗಿದ್ದೆ ಅಂತ."

ಅಧಿಕಾರಿ ಮೊದಲ ಬಾರಿಗೆ ಕುರ್ಚಿಯಲ್ಲಿ ಕೂತರು. ಬರೆದುಕೊಂಡದ್ದನ್ನು ಎಲ್ಲ ಹೊಡೆದುಹಾಕಿ ಹೊಸದಾಗಿ ಬರೆದರು. ನಾನು ನೀರು ಬೆಲ್ಲವನ್ನು ಮುಂದಕ್ಕೆ ಸರಿಸಿದೆ. ಕಲ್ಲಿನ ಹಾಗೆ ಇದ್ದ ಅದನ್ನು ಅವರು ಅನುಮಾನದಿಂದ ಬಾಯಿಗೆ ಹಾಕಿಕೊಂಡರು. ಎದುರುಮನೆಯವರಿಗೂ ಕೊಟ್ಟೆ. ಅವರು ತೆಗೆದುಕೊಂಡರು.

ತೀರ್ಮಾನ ಹೀಗಾಯಿತು. ಕಾಯಿಲೆಯಿಂದ ದೂರವಿದ್ದದ್ದನ್ನು ಈ ಬಾರಿಗೆ ಮನ್ನಿಸುತ್ತಾರೆ. ಮನೆ ಲಲಿತಳದ್ದೇ. ಆದರೆ ಇನ್ನು ಮುಂದೆ ವರ್ಷದ ಹೆಚ್ಚಿನ ದಿನ ಅವಳು ಅಲ್ಲೇ ಮಲಗಿ ಏಳಬೇಕು. ಅವರು ಮತ್ತೆ ಬರುತ್ತಾರೆ, ಯಾವಾಗ ಎಂದು ತಿಳಿಸುವುದಿಲ್ಲ.

ಫೋನು

ನಮ್ಮ ಮನೆಯವರಿಗೆ ನಾನೇ ಹೇಳಿದೆ.

"ಮಾರಲ್ವಂತೆ. ಮನೆ ಉಳೀತು."

"ಹಂಗಾದ್ರೆ ಮಳೆಗಾಲಕ್ಕೆ ಬರಲ್ವಾ ಅವಳು?"

"ಇನ್ಮೇಲೆ ತಿಂಗಳುಗಟ್ಲೆ ನಿಲ್ಲಂಗಿಲ್ಲ. ಬಂದ್ರೂ ಬಂದ್ಹಂಗೆ ಹೋಗ್ಬೇಕು."

"ಮೇಲಿನ ರೂಮಿಗೆ ಸುಣ್ಣ ಹೊಡ್ಸಿದ್ದೆ," ಎಂದರು.

ಸ್ಪೀಕರಿನಲ್ಲಿ ಕೇಳುತ್ತಿದ್ದ ಲಲಿತ ಕಿಟಕಿಯ ಕಡೆ ತಿರುಗಿ ನಿಂತಳು. ಅವಳಿಗೆ ಬೇಕಾದ್ದು ಸಿಕ್ಕಿತ್ತು. ಸಿಕ್ಕಿದ್ದರ ತೂಕ ಎಷ್ಟೆಂದು ಅವಳಿಗೂ ಆಗಲೇ ತಿಳಿದದ್ದು. "ನೀವೇ ಬನ್ನಿ ಅಣ್ಣಯ್ಯಾ," ಎಂದಳು ಕೊನೆಗೆ.

"ನಾನು ಅಲ್ಲಿಗ್ ಬಂದ್ರೆ ಕಾಫಿ ಯಾವಾಗ ಅಂತ ನಿನ್ ಕೇಳ್ಬೇಕಲ್ಲ," ಎಂದರು ಅವರು. ತಂಗಿ ನನಗೆ ಹೇಳಿದ್ದು ಅವರಿಗೆ ಗೊತ್ತಿರಲಿಲ್ಲ. ಒಟ್ಟಿಗೆ ಬೆಳೆದವರು, ಅಷ್ಟೇ.

ಹೊರಟ ಬೆಳಗು

ಉಳಿದ ದಿನಗಳಲ್ಲಿ ನೆಲಮಾಳಿಗೆಯಿಂದ ಎಲ್ಲವನ್ನೂ ಮೇಲೆ ತಂದೆವು. ಔಷಧಿ ಮೇಜಿಗೆ, ಚಪ್ಪಲಿ ಬಾಗಿಲ ಹಿಂದಕ್ಕೆ. ಜೋಡಿಸಿಡಲು ನನ್ನ ಕೈ ಹೋಗುತ್ತಿತ್ತು, ಲಲಿತ ಕೋಲಿನಿಂದ ಮೆಲ್ಲಗೆ ತಟ್ಟುತ್ತಿದ್ದಳು. ಬೆಟ್ಟದ ತುದಿಗೆ ಹೋಗುವ ತಂತಿ ತೊಟ್ಟಿಲನ್ನು ನಾನು ಹತ್ತಲಿಲ್ಲ. ಕೆಳಗಿನಿಂದ ನೋಡಿದೆ, ಚೆನ್ನಾಗಿತ್ತು.

ಹೊರಡುವ ದಿನ ದೇವರಿಗೆ ದೀಪ ಹಚ್ಚಿದೆ. ಲಲಿತ ನನಗೆ ಕುಂಕುಮ ಕೊಟ್ಟಳು. ಬಸ್ಸಿನವರೆಗೆ ಬರುತ್ತೇನೆಂದು ಹೊರಟವಳನ್ನು ಬೇಡ ಎಂದೆ. ಕೆಳಗೆ ಕಟ್ಟಡದ ಮುಂದಿನ ಮೆಟ್ಟಿಲಲ್ಲಿ ಹಿಮ ಕರಗಿ ಜಾರುತ್ತಿತ್ತು. ಹಾಗಾಗಿ ಅವಳು ಹೊಸ್ತಿಲ ಒಳಗೇ ನಿಂತಳು. ಒಬ್ಬರ ಕಣ್ಣನ್ನು ಒಬ್ಬರು ನೋಡಲಿಲ್ಲ.

ನಮ್ಮ ಕಡೆ, ಮನೆಯಿಂದ ಯಾರಾದರೂ ದೂರದ ಪ್ರಯಾಣ ಹೊರಟರೆ ಅವರ ಬೆನ್ನ ಹಿಂದೆಯೇ ಕಸ ಗುಡಿಸುವುದಿಲ್ಲ. ಹೋದವರು ತಲುಪುವವರೆಗಾದರೂ ಮನೆ ಹಾಗೇ ಇರಬೇಕು. ಅಷ್ಟು ವರ್ಷ ಹೊರದೇಶದಲ್ಲಿ ಇದ್ದವಳಿಗೆ ನೆನಪಿದೆಯೋ ಇಲ್ಲವೋ ಎಂದು ಹೇಳಿದೆ:

"ನಾನು ಹೋದ ಕೂಡ್ಲೇ ಗುಡಿಸ್ಬೇಡ."

"ಗೊತ್ತು ಅತ್ತಿಗೆ. ಎಷ್ಟ್ ಹೊತ್ತು ಬಿಡ್ಲಿ?"

"ಪಂಚಾಯ್ತಿಯವ್ರು ಮತ್ತೆ ಬಂದು ನೋಡ್ಕೊಂಡು ಹೋಗೋವರ್ಗೂ ಬಿಡು," ಎಂದು ಬಸ್ಸಿಗೆಂದು ಕೆಳಗಿಳಿದೆ.